ಜೆನೆಟಿಕ್ಸ್ ಗೆಲ್ಲಲು 11 ಸೂತ್ರಗಳು: ಸವಳಂಗ ರಸ್ತೆಯಿಂದ ಜೀನೋಮ್ ಲ್ಯಾಬ್‌ವರೆಗೆ

ಶಿವಮೊಗ್ಗದ ಸವಳಂಗ ರಸ್ತೆಯ ನವುಲೆ ಕೃಷಿ ಕಾಲೇಜಿನಲ್ಲಿ ಓದುತ್ತಿರುವವರೇ, ಭದ್ರಾವತಿಯಿಂದ ಬೆಳಗಿನ ಬಸ್ ಹಿಡಿದು ಸಹ್ಯಾದ್ರಿ ವಿಜ್ಞಾನ ಕಾಲೇಜಿಗೆ ಬರುವವರೇ, ಶಂಕರಘಟ್ಟದ ಹಾಸ್ಟೆಲಿನಲ್ಲಿ ಎಂಎಸ್ಸಿ ಪುಸ್ತಕ ಹರಡಿಕೊಂಡು ಕೂತವರೇ, ಇದು ನಿಮಗಾಗಿ. ಜೆನೆಟಿಕ್ಸ್ ಎಂದ ಕೂಡಲೇ ಹೆಚ್ಚಿನವರು ನೋಟ್ಸ್ ಉರು ಹೊಡೆಯಲು ಕೂರುತ್ತಾರೆ. ಅಂಕ ಕಳೆದುಕೊಳ್ಳುವುದು ಅಲ್ಲೇ. ಇದು ಎಣಿಸಿ, ಚಿತ್ರ ಬಿಡಿಸಿ, ಹೋಲಿಸಿ ಕಲಿಯುವ ವಿಷಯ. ಎಣಿಸಲು ಬೇಕಾದ ಸಾಮಗ್ರಿ ನಿಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿದೆ. ಈ 11 ಸೂತ್ರಗಳನ್ನು ಈ ಸೆಮಿಸ್ಟರ್‌ನಿಂದಲೇ ಪಾಲಿಸಿ.

1. ಪೆನ್ಸಿಲ್ ಇಲ್ಲದೆ ಪುಸ್ತಕ ತೆರೆಯಬೇಡಿ

ಪ್ರತಿ ಅಧ್ಯಾಯಕ್ಕೂ ಕನಿಷ್ಠ 5 ಪ್ರಾಬ್ಲಂ ಬಿಡಿಸಿ. ಮೊದಲು ನೀವು ಪ್ರಯತ್ನಿಸಿ, ಆಮೇಲೆ ಉತ್ತರ ನೋಡಿ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಬಂಧದ ಬಲವೇ ಎಣಿಕೆ. ಎರಡನೇ ಪೀಳಿಗೆಯಲ್ಲಿ ಅವರಿಗೆ ಸಿಕ್ಕಿದ್ದು 5,474 ದುಂಡು ಬಟಾಣಿ, 1,850 ಸುಕ್ಕು ಬಟಾಣಿ. ಭಾಗಿಸಿ: 2.96 ಬರುತ್ತದೆ. ಇದಕ್ಕೆ ಕೈ-ಸ್ಕ್ವೇರ್ ಹಾಕಿ: ಸುಮಾರು 0.26. ಮಿತಿ 3.84. ಅಂದರೆ 3:1 ಅನುಪಾತಕ್ಕೆ ಈ ಫಲಿತಾಂಶ ಚೆನ್ನಾಗಿ ಹೊಂದುತ್ತದೆ. ಅನುಪಾತವನ್ನು ಉರು ಹೊಡೆದವರು ಪರೀಕ್ಷೆಯಲ್ಲಿ ಮರೆಯುತ್ತಾರೆ. ಲೆಕ್ಕ ಮಾಡಿ ನೋಡಿದವರು ಮರೆಯುವುದಿಲ್ಲ.

2. ಮಿಯೋಸಿಸ್ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ

ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ಮಿಯೋಸಿಸ್‌ನ ಎಲ್ಲ ಹಂತ ಬರೆಯಿರಿ. ತಪ್ಪಿದಲ್ಲಿ ತಿದ್ದಿ, ಮರುದಿನ ಮತ್ತೆ ಬರೆಯಿರಿ. ಮೆಂಡೆಲ್ ನಿಯಮ, ಲಿಂಕೇಜ್, ಕ್ರಾಸಿಂಗ್ ಓವರ್, ಡೌನ್ ಸಿಂಡ್ರೋಮ್ ಎಲ್ಲವೂ ನಿಂತಿರುವುದು ಈ ಒಂದೇ ಅಡಿಪಾಯದ ಮೇಲೆ.

ಜೊತೆಗೆ ಕ್ರೋಮೋಸೋಮ್ ಸಂಖ್ಯೆಗಳ ಪಟ್ಟಿ ಮಾಡಿಕೊಳ್ಳಿ: ಭತ್ತ 24, ಅಡಿಕೆ 32, ರಾಗಿ 36, ಮನುಷ್ಯ 46. ಮಲೆನಾಡಿನ ಕಾಡುಕುರಿಯನ್ನು ಈ ಪಟ್ಟಿಗೆ ಸೇರಿಸಲೇಬೇಕು. ಅದರ ಹೆಣ್ಣಿಗೆ 6, ಗಂಡಿಗೆ 7. ಅದೇ ಕುಲದ ಚೀನಾ ಪ್ರಭೇದಕ್ಕೆ 46. ಕ್ರೋಮೋಸೋಮ್‌ಗಳು ಒಂದಕ್ಕೊಂದು ಬೆಸೆದುಕೊಂಡು ಸಂಖ್ಯೆ ಇಳಿದಿದೆ. ಕ್ರೋಮೋಸೋಮ್ ಎಷ್ಟಿದೆ ಎಂಬುದರಿಂದ ಪ್ರಾಣಿಯ ದೇಹ ಎಷ್ಟು ಸಂಕೀರ್ಣ ಎಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

3. ಹಂದಿಗೋಡಿನಿಂದ ಪೆಡಿಗ್ರೀ ಕಲಿಯಿರಿ

1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಕೀಲುಗಳನ್ನು ಕಾಡುವ ಕಾಯಿಲೆಯೊಂದು ಬೆಳಕಿಗೆ ಬಂತು. ಮೊದಲು ಅನುಮಾನ ಹೋಗಿದ್ದು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಆ ಗದ್ದೆಯಲ್ಲಿ ಹಿಡಿದು ತಿಂದ ಏಡಿ, ಮೀನುಗಳ ಮೇಲೆ. ಸಂಶೋಧಕರು ಮನೆಮನೆಯ ವಂಶವೃಕ್ಷ ಬರೆದಾಗ ಬೇರೆ ಚಿತ್ರ ಕಂಡಿತು. ಕಾಯಿಲೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತಿತ್ತು, ಹೆಣ್ಣು ಗಂಡು ಇಬ್ಬರಲ್ಲೂ ಇತ್ತು. ಆಟೋಸೋಮಲ್ ಡಾಮಿನಂಟ್ ಮಾದರಿ ಎಂದರೆ ಇದೇ. ತಂದೆ ತಾಯಿಯರಲ್ಲಿ ಒಬ್ಬರಿಗೆ ಆ ಜೀನ್‌ನ ದೋಷಯುಕ್ತ ಪ್ರತಿ ಒಂದು ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಈ ಮಾದರಿಯ ಪೆಡಿಗ್ರೀಯನ್ನು ಚೌಕ, ವೃತ್ತ ಹಾಕಿ ನೀವೇ ರಚಿಸಿ. ಆಮೇಲೆ ರಿಸೆಸಿವ್ ಆಗಿದ್ದರೆ ಚಿತ್ರ ಹೇಗೆ ಬದಲಾಗುತ್ತಿತ್ತು ಎಂದು ಪಕ್ಕದಲ್ಲೇ ಬರೆಯಿರಿ. ಒಂದು ಮಾತು ನೆನಪಿಡಿ: ಪೆಡಿಗ್ರೀಯ ಪ್ರತಿ ಚಿಹ್ನೆಯ ಹಿಂದೆ ನೋವು ಉಂಡ ಒಬ್ಬ ಮನುಷ್ಯ ಇದ್ದಾನೆ. ಗೌರವದಿಂದ ಓದಿ.

4. ಅಡಿಕೆ ತೋಟವನ್ನೇ ಲ್ಯಾಬ್ ಮಾಡಿಕೊಳ್ಳಿ

ಒಂದೇ ತಾಯಿಮರದ ಗೋಟು ಹಾಕಿದರೂ ಸಸಿಗಳು ಒಂದೇ ತರ ಬೆಳೆಯುವುದಿಲ್ಲ. ಅಡಿಕೆಯಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚು. ತಾಯಿ ಗೊತ್ತು, ತಂದೆ ಗೊತ್ತಿಲ್ಲ. ನರ್ಸರಿಯಲ್ಲಿ 30 ಸಸಿಗಳ ಎತ್ತರ ಅಳೆಯಿರಿ. ಸರಾಸರಿ, ವೇರಿಯನ್ಸ್, ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯಿರಿ. ಕ್ವಾಂಟಿಟೇಟಿವ್ ಜೆನೆಟಿಕ್ಸ್‌ನ ಮೊದಲ ಪಾಠ ಅಲ್ಲಿಗೆ ಮುಗಿಯಿತು.

ಎರಡನೇ ಪಾಠ ವಿಟ್ಲದಲ್ಲಿದೆ. ಅಲ್ಲಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಕೇಂದ್ರದವರು ಸಹಜವಾಗಿ ಗಿಡ್ಡವಾಗಿರುವ ಹಿರೇಹಳ್ಳಿ ತಳಿಯನ್ನು ಎತ್ತರದ ಸುಮಂಗಲ ತಳಿಯೊಂದಿಗೆ ಕ್ರಾಸ್ ಮಾಡಿ ಗಿಡ್ಡ ಹೈಬ್ರಿಡ್ ಅಡಿಕೆ ಕೊಟ್ಟರು. ಮರ ಹತ್ತಲು ಕೊನೆಗಾರರು ಸಿಗದ ಈ ಕಾಲದಲ್ಲಿ ಅದರ ಬೆಲೆ ರೈತನಿಗೆ ಗೊತ್ತು. ಪುಸ್ತಕದ ಒಂದು ಕ್ರಾಸ್ ಊರಿನ ಒಂದು ಸಮಸ್ಯೆಗೆ ಉತ್ತರವಾಗಬಲ್ಲದು. ಓದುವಾಗ ಆ ಸಮಸ್ಯೆಯನ್ನು ಕಣ್ಣೆದುರು ಇಟ್ಟುಕೊಳ್ಳಿ.

5. ಮಂಗನ ಕಾಯಿಲೆಯ ಜೀನೋಮ್ ತೆರೆದು ಓದಿ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ನರಳಿದರು. ಆಗ ಪತ್ತೆಯಾದ ವೈರಸ್ ಇಂದು ಜಗತ್ತಿನ ಪಠ್ಯಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರಿನಲ್ಲೇ ಇದೆ. ಅದು ಹರಡುವುದು ಉಣುಗಿನಿಂದ. ಮನುಷ್ಯನ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ ಈ ವೈರಸ್‌ನ ಆರ್‌ಎನ್‌ಎಯಲ್ಲಿ ಇರುವುದು ಸುಮಾರು 11 ಸಾವಿರ. ಒಂದು ಸಂಜೆಯಲ್ಲಿ ಪೂರ್ತಿ ಕಣ್ಣಾಡಿಸಬಹುದು.

ಎನ್‌ಸಿಬಿಐ ಡೇಟಾಬೇಸ್ ಉಚಿತ. ಅಲ್ಲಿಂದ ಸೀಕ್ವೆನ್ಸ್ ಇಳಿಸಿಕೊಳ್ಳಿ. ಒಂದೇ ಉದ್ದನೆಯ ಪಾಲಿಪ್ರೋಟೀನ್ ಹೇಗೆ 10 ಪ್ರೋಟೀನ್‌ಗಳಾಗಿ ತುಂಡಾಗುತ್ತದೆ ಎಂದು ಗುರುತು ಹಾಕಿ. ಬಳಿಕ ಬ್ಲಾಸ್ಟ್ ಓಡಿಸಿ. ಸೌದಿ ಅರೇಬಿಯಾದ ಅಲ್‌ಖುರ್ಮಾ ವೈರಸ್ ಇದರ ಹತ್ತಿರದ ಬಂಧು ಎಂದು ನಿಮ್ಮ ಸ್ಕ್ರೀನ್ ಮೇಲೇ ಕಾಣುತ್ತದೆ. ಜೀನೋಮಿಕ್ಸ್ ಮತ್ತು ವಿಕಾಸ ಎರಡೂ ಒಂದೇ ಅಭ್ಯಾಸದಲ್ಲಿ ಕೈಗೆ ಬರುತ್ತವೆ.

6. ವಿಕಾಸವನ್ನು ಮರ ಬಿಡಿಸಿ ಕಲಿಯಿರಿ

ಮಂಗನಿಂದ ಮಾನವ ಎಂಬ ಏಣಿಯ ಚಿತ್ರವನ್ನು ತಲೆಯಿಂದ ತೆಗೆದುಹಾಕಿ. ವಿಕಾಸ ಕವಲೊಡೆಯುತ್ತದೆ. ಪ್ರತಿ ವಾರ ಒಂದು ಫೈಲೋಜೆನೆಟಿಕ್ ಟ್ರೀ ಕೈಯಿಂದ ಬರೆಯಿರಿ.

ರಾಗಿಯಿಂದ ಶುರು ಮಾಡಿ. ಅದು ಎರಡು ಪೂರ್ವಜ ಜೀನೋಮ್‌ಗಳು ಕೂಡಿದ ಟೆಟ್ರಾಪ್ಲಾಯ್ಡ್. ಒಂದು ಪಾಲು ಬಂದಿದ್ದು ರಸ್ತೆ ಬದಿಯಲ್ಲಿ ಕಳೆಯಾಗಿ ಬೆಳೆಯುವ ಎಲ್ಯುಸಿನ್ ಇಂಡಿಕಾ ಹುಲ್ಲಿನ ಕಡೆಯಿಂದ. ಮಂಡ್ಯದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕ್ರಾಸ್ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. 2017ರಲ್ಲಿ ಬೆಂಗಳೂರು ಕೃಷಿ ವಿವಿಯ ಶೈಲಜಾ ಹಿತ್ತಲಮನಿ ಅವರ ತಂಡ ರಾಗಿಯ ಜೀನೋಮ್ ಪ್ರಕಟಿಸಿತು. ಆಮೇಲೆ ಕಪ್ಪೆಗಳಿಗೆ ಬನ್ನಿ. ಜೋಗದ ಸಮೀಪದ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು 2014ರಲ್ಲಿ ಹೊಸ ಪ್ರಭೇದವೆಂದು ದಾಖಲಿಸಲಾಯಿತು. ಗಂಡು ಕಪ್ಪೆ ಮೊಟ್ಟೆಗಳಿಗೆ ಮಣ್ಣು ಮೆತ್ತುತ್ತದೆ. ಈ ನಡವಳಿಕೆ ಯಾವ ಕವಲಿನಲ್ಲಿ ಹುಟ್ಟಿತು? ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಮರವೊಂದೇ.

7. ಹಾರ್ಡಿ-ವೈನ್‌ಬರ್ಗ್‌ಗೆ ಹೆದರಬೇಡಿ

ಇದು ಹೈಸ್ಕೂಲ್ ಬೀಜಗಣಿತ. ಒಂದು ರಿಸೆಸಿವ್ ಲಕ್ಷಣ 100ರಲ್ಲಿ ಒಬ್ಬರಿಗೆ ಇದೆ ಎಂದುಕೊಳ್ಳಿ. ಆ ಅಲೀಲ್‌ನ ಪ್ರಮಾಣ 0.1. ವಾಹಕರು 2 × 0.9 × 0.1, ಅಂದರೆ 100ರಲ್ಲಿ 18 ಮಂದಿ. ಲಕ್ಷಣ ಕಾಣುವುದು ಒಬ್ಬರಲ್ಲಿ, ಅಡಗಿರುವುದು 18 ಜನರಲ್ಲಿ. ರಿಸೆಸಿವ್ ಕಾಯಿಲೆ ಸುಲಭವಾಗಿ ಅಳಿಯದಿರುವುದು ಏಕೆ ಎಂಬುದು ಎರಡು ಸಾಲಿನ ಲೆಕ್ಕದಲ್ಲಿ ತಿಳಿಯುತ್ತದೆ.

8. ದಿನಕ್ಕೆ ಅರ್ಧ ಗಂಟೆ ಕೋಡಿಂಗ್ ಮಾಡಿ

ಪೈಥಾನ್ ಅಥವಾ ಆರ್, ಒಂದನ್ನು ಆರಿಸಿ, ಒಂದಕ್ಕೇ ಅಂಟಿಕೊಳ್ಳಿ. ಮಂಗನ ಕಾಯಿಲೆ ವೈರಸ್‌ನ ಸೀಕ್ವೆನ್ಸ್‌ನಲ್ಲಿ ನಾಲ್ಕು ಅಕ್ಷರ ಎಷ್ಟೆಷ್ಟು ಸಲ ಬಂದಿವೆ ಎಂದು ಎಣಿಸುವ ಪ್ರೋಗ್ರಾಂ ಬರೆಯಿರಿ. ಅಡಿಕೆ ಸಸಿಗಳ ಗ್ರಾಫ್ ಹಾಕಿ. ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10,000 ಭಾರತೀಯರ ಡೇಟಾ 2025ರ ಜನವರಿಯಲ್ಲಿ ಸಂಶೋಧಕರಿಗೆ ಲಭ್ಯವಾಯಿತು. ಅಷ್ಟು ಡೇಟಾ ಓದಲು ಜೀವಶಾಸ್ತ್ರವೂ ಕೋಡಿಂಗೂ ಎರಡೂ ಬಲ್ಲವರು ಬೇಕು. ಆ ಜಾಗಕ್ಕೆ ನೀವು ತಯಾರಾಗಿ.

9. ಕನ್ನಡದಲ್ಲಿ ವಿವರಿಸಿ, ಇಂಗ್ಲಿಷ್‌ನಲ್ಲಿ ಉತ್ತರ ಬರೆಯಿರಿ

ಕನ್ನಡ ಮಾಧ್ಯಮದಿಂದ ಬಂದಿದ್ದು ಕೊರತೆಯಲ್ಲ. ಇಂದಿನ ಪಾಠವನ್ನು ಬಸ್ಸಿನಲ್ಲಿ ಪಕ್ಕ ಕೂತ ಗೆಳತಿಗೆ, ಮನೆಯಲ್ಲಿ ಅಮ್ಮನಿಗೆ ಕನ್ನಡದಲ್ಲೇ ಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೇ ಅರ್ಥವಾಗಿಲ್ಲ. ಅದನ್ನು ಮತ್ತೆ ಓದಿ. ಅರ್ಥವಾದ ಮೇಲೆ ಅದೇ ವಿಷಯವನ್ನು ಇಂಗ್ಲಿಷ್‌ನಲ್ಲಿ 10 ಸಾಲು ಬರೆಯಿರಿ. ವಿಷಯ ಗಟ್ಟಿಯಾದರೆ ಭಾಷೆ ತಾನಾಗಿ ಹಿಂದೆ ಬರುತ್ತದೆ.

10. ಲ್ಯಾಬ್‌ಗಳ ಬಾಗಿಲು ತಟ್ಟಿ, ಕ್ಯಾಲೆಂಡರ್ ಗೋಡೆಗೆ ಅಂಟಿಸಿ

ಕುವೆಂಪು ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗಗಳಿಗೆ ಹೋಗಿ. ಪ್ರಾಧ್ಯಾಪಕರ ಒಂದು ಪ್ರಬಂಧ ಓದಿಕೊಂಡು ಹೋಗಿ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. ಪ್ರಶ್ನೆ ತಂದ ವಿದ್ಯಾರ್ಥಿಯನ್ನು ಮೇಷ್ಟ್ರು ಮರೆಯುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರೊ. ಎಚ್.ಎ. ರಂಗನಾಥ್ ಅವರ ತಂಡ 8 ಕ್ರೋಮೋಸೋಮ್‌ಗಳ ಒಂದು ಡ್ರೊಸೊಫಿಲಾವನ್ನು 6 ಕ್ರೋಮೋಸೋಮ್‌ಗಳ ಅದರ ಬಂಧುವಿನೊಂದಿಗೆ ಕೂಡಿಸಿ ಲ್ಯಾಬ್‌ನಲ್ಲೇ ಹೊಸ ಬಗೆಗಳನ್ನು ಬೆಳೆಸಿ ವಿಕಾಸವನ್ನು ಅಭ್ಯಸಿಸಿತು. ಅಂಥ ಕಡೆ ಒಂದು ಬೇಸಿಗೆ ಕಳೆಯಿರಿ. ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ.

ಜೆಎಎಂ, ಗೇಟ್, ಜಿಎಟಿ-ಬಿ, ಸಿಎಸ್‌ಐಆರ್-ನೆಟ್, ಕೃಷಿ ಪದವೀಧರರಿಗೆ ಐಸಿಎಆರ್ ಪಿಜಿ ಪ್ರವೇಶ ಪರೀಕ್ಷೆ: ಇವುಗಳ ಅರ್ಜಿ ದಿನಾಂಕಗಳನ್ನು ವರ್ಷದ ಆರಂಭದಲ್ಲೇ ಬರೆದಿಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ.

11. 'ನನ್ನಿಂದ ಆಗಲ್ಲ' ಎನ್ನುವ ಚಟ ಬಿಡಿ

ಅನುಮಾನ ಒಂದು ಅಭ್ಯಾಸ. ಅಭ್ಯಾಸವನ್ನು ಇನ್ನೊಂದು ಅಭ್ಯಾಸದಿಂದಲೇ ಓಡಿಸಬೇಕು. ಹೆದರಿಕೆ ಬಂದಾಗಲೆಲ್ಲ ಒಂದು ಪ್ರಾಬ್ಲಂ ಬಿಡಿಸಿ, ದಿನಾಂಕ ಹಾಕಿಡಿ. ಸೆಮಿಸ್ಟರ್ ಕೊನೆಗೆ ಆ ನೋಟ್‌ಬುಕ್ ತಿರುವಿ ಹಾಕಿ. ನಿಮ್ಮ ಸಾಮರ್ಥ್ಯಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕ್ಯಾಸನೂರು, ಹಂದಿಗೋಡು, ಕತ್ತಲೆಕಾನು: ಇವನ್ನು ಹುಡುಕಿಕೊಂಡು ವಿಜ್ಞಾನಿಗಳು ಬಂದರು. ನೀವು ಇಲ್ಲಿಯವರೇ. ಈ ಮಣ್ಣಿನ ಮುಂದಿನ ಪ್ರಶ್ನೆಗೆ ಉತ್ತರ ಬರೆಯುವ ಮೊದಲ ಹಕ್ಕು ನಿಮ್ಮದು. ಇಂದು ರಾತ್ರಿಯೇ ಮೊದಲ ಪ್ರಾಬ್ಲಂ ಬಿಡಿಸಿ.