ಉಂಡದ್ದು ಮೈಗೆ ಹತ್ತದಿದ್ದರೆ

ಹೊಟ್ಟೆತುಂಬ ಉಂಡರೂ ಸೊರಗುತ್ತಲೇ ಹೋಗುವ ಮಗುವನ್ನು ಕಂಡು ಹಿರಿಯರು, “ತಿಂದದ್ದು ಮೈಗೆ ಹತ್ತುವುದಿಲ್ಲ” ಎನ್ನುವುದುಂಟು. ಈ ಮಾತು ವೈದ್ಯಶಾಸ್ತ್ರಕ್ಕೂ ಒಪ್ಪುವಂಥದು. ಆಹಾರವು ಗಂಟಲಿನಿಂದಿಳಿದ ಮಾತ್ರಕ್ಕೆ ದೇಹವನ್ನು ಸೇರಿದಂತಾಗಲಿಲ್ಲ. ಜೀರ್ಣವಾದ ಸಾರವನ್ನು ಸಣ್ಣ ಕರುಳು ಹೀರಿ ರಕ್ತಕ್ಕೆ ಒಪ್ಪಿಸಬೇಕು. ಅದಕ್ಕಾಗಿ ಕರುಳಿನ ಒಳಮೈಯಲ್ಲಿ ಮಖಮಲ್ಲಿನ ನವಿರಿನಂತೆ ಅಸಂಖ್ಯ ರಸಾಂಕುರಗಳು ಎದ್ದು ನಿಂತಿರುತ್ತವೆ. ಒಂದೊಂದರ ಎತ್ತರ 1 ಮಿಲಿಮೀಟರನ್ನು ಮೀರುವುದು ಅಪರೂಪ. ಇವು ಸವೆದು ಚಪ್ಪಟೆಯಾದರೆ ಭೇದಿ, ರಕ್ತಹೀನತೆ, ಕುಂಠಿತ ಬೆಳವಣಿಗೆ ಮೊದಲಾದುವು ತಲೆದೋರುತ್ತವೆ.

ಆದರೆ ಬದುಕಿರುವವರ ಕರುಳಿನ ಒಳಮೈಯನ್ನು ಕಾಣುವುದೆಂತು? ಸತ್ತ ಮೇಲೆ ನೋಡೋಣವೆಂದರೆ ಆ ಪದರವು ಬಹು ಬೇಗನೆ ಕೆಟ್ಟುಹೋಗುತ್ತದೆ. 1956ರಲ್ಲಿ ಲಂಡನ್ನಿನ ವೈದ್ಯೆ ಮಾರ್ಗೊ ಶೈನರ್ ಬಾಯಿಯ ಮೂಲಕ ನಳಿಕೆಯನ್ನಿಳಿಸಿ ಕರುಳಿನ ತುಣುಕನ್ನು ತೆಗೆಯುವ ಉಪಕರಣವನ್ನು ಪ್ರಕಟಿಸಿದರು. ಮರುವರ್ಷ ಅಮೆರಿಕದ ಕ್ರಾಸ್ಬಿ ಮತ್ತು ಕುಗ್ಲರ್ ಎಂಬವರು ಲೋಹದ ಪುಟ್ಟ ಗುಳಿಗೆಯೊಂದನ್ನು ರಚಿಸಿದರು. ಅದರ ಬೆನ್ನಿಗೆ ಸಪೂರವಾದ ನಳಿಕೆ, ಬದಿಗೊಂದು ರಂಧ್ರ, ಒಳಗೆ ಸ್ಪ್ರಿಂಗಿನಿಂದ ತಿರುಗುವ ಅಲಗು. ರೋಗಿ ಅದನ್ನು ನುಂಗಿ ಕಾಯಬೇಕು. ಗುಳಿಗೆ ಸ್ಥಾನಕ್ಕೆ ಬಂದುದನ್ನು ಕ್ಷ-ಕಿರಣದಿಂದ ಖಚಿತಪಡಿಸಿಕೊಂಡು, ವೈದ್ಯರು ಸಿರಿಂಜಿನಿಂದ ಗಾಳಿಯನ್ನೆಳೆದೊಡನೆ ಒಳಪದರವು ರಂಧ್ರದೊಳಕ್ಕೆ ಸೆಳೆಯಲ್ಪಡುತ್ತದೆ; ಅಲಗು ತಿರುಗಿ ತುಣುಕನ್ನು ಕತ್ತರಿಸುತ್ತದೆ. ಹೊಟ್ಟೆಯನ್ನು ಕೊಯ್ಯದೆ ಇಷ್ಟನ್ನು ಸಾಧಿಸಿದುದು ಅಲ್ಪ ಸಂಗತಿಯಲ್ಲ! ಇಂದು ದೀಪವುಳ್ಳ ದೂರದರ್ಶಕ ನಳಿಕೆಯಿಂದ, ಅಂದರೆ ಎಂಡೋಸ್ಕೋಪಿನಿಂದ, ಕೆಲವೇ ನಿಮಿಷಗಳಲ್ಲಿ ಹಲವು ತುಣುಕುಗಳನ್ನು ತೆಗೆಯುತ್ತಾರೆ. ಈ ಪರೀಕ್ಷೆಗೆ ಬಯಾಪ್ಸಿ ಎಂದು ಹೆಸರು.

ಹಾಲೆಂಡಿನ ಮಕ್ಕಳ ವೈದ್ಯ ಡಿಕೆ ಎಂಬವರು ಸೀಲಿಯಾಕ್ ರೋಗದ ಮಕ್ಕಳಿಗೆ ಗೋದಿಯೇ ಹಗೆಯೆಂದು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದರು. ಗೋದಿಯ ಗ್ಲೂಟೆನ್ ಎಂಬ ಅಂಶದಿಂದ ಕರುಳಿಗಾಗುವ ಹಾನಿಯನ್ನು ಬಯಾಪ್ಸಿಯು ಸೂಕ್ಷ್ಮದರ್ಶಕದಡಿ ಕಣ್ಣಿಗೆ ಕಾಣಿಸಿತು. ಗೋದಿಯನ್ನು ಬಿಟ್ಟರೆ ರಸಾಂಕುರಗಳು ಮತ್ತೆ ಚಿಗುರುತ್ತವೆ. ಅನ್ನ, ರಾಗಿ, ಜೋಳಗಳಲ್ಲಿ ಈ ಗ್ಲೂಟೆನ್ ಇಲ್ಲ. ನಮ್ಮೂರಿನ ಮುದ್ದೆ, ರೊಟ್ಟಿಗಳು ಇಂಥವರಿಗೆ ನಿರಪಾಯಕರ. ಚಪಾತಿಯ ಚೂರಾದರೂ ಹಾನಿಯೇ. ಆದುದರಿಂದ ಅಂಥ ಸಹಪಾಠಿ ನಿಮ್ಮ ಡಬ್ಬಿಯ ಚಪಾತಿಯನ್ನು ಒಲ್ಲೆನೆಂದರೆ ಒತ್ತಾಯಿಸಬೇಡಿರಿ.

ಚಪ್ಪಟೆಯಾದ ರಸಾಂಕುರಗಳೆಲ್ಲ ಗೋದಿಯ ದೋಷವೆಂದು ತಿಳಿಯಲಾಗದು. 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಹಬ್ಬಿದ ಸ್ಪ್ರೂ ಎಂಬ ಬೇನೆಯಲ್ಲಿಯೂ ಅವು ಕೆಡುತ್ತವೆ. ಕೆಲವು ತುಣುಕುಗಳಲ್ಲಿ ಜಿಯಾರ್ಡಿಯಾ ಎಂಬ ಪರೋಪಜೀವಿಯೇ ಕಾಣಸಿಗುತ್ತದೆ. ಅದಕ್ಕೆ ಔಷಧ ಬೇರೆ. ಆದಕಾರಣ ವೈದ್ಯರು ರಕ್ತಪರೀಕ್ಷೆಯನ್ನೂ ಜೊತೆಗಿಟ್ಟು ನಿರ್ಣಯಿಸುತ್ತಾರೆ. ಇನ್ನೊಂದು ಎಚ್ಚರಿಕೆ: ಸಂಶಯ ಬಂದೊಡನೆ ಮನೆಯವರು ತಾವಾಗಿಯೇ ಗೋದಿಯನ್ನು ನಿಲ್ಲಿಸಬಾರದು. ಪರೀಕ್ಷೆಯ ಹೊತ್ತಿಗೆ ಕರುಳು ಚೇತರಿಸಿಕೊಂಡಿದ್ದರೆ ತುಣುಕು ನಿರ್ದೋಷಿಯಂತೆ ತೋರಿ, ರೋಗವು ಮರೆಯಾಗಿಯೇ ಉಳಿಯುತ್ತದೆ.