ಸೂಪರ್‌ಮ್ಯಾನನೂ ಓಟಗಾರ ಗೆಳೆಯನೂ

1938ರಲ್ಲಿ ಅಮೆರಿಕದ ಚಿತ್ರಕಥೆಯೊಂದರಲ್ಲಿ ಹುಟ್ಟಿದ ಸೂಪರ್‌ಮ್ಯಾನನ ಬಲಕ್ಕೆ ಅವನ ಕರ್ತೃಗಳು ಇರುವೆ, ಮಿಡತೆಗಳ ಸಾಕ್ಷ್ಯವನ್ನು ಒಡ್ಡಿದರು. ಇರುವೆಯು ತನ್ನ ತೂಕದ ಹಲವು ಪಟ್ಟು ಭಾರವನ್ನು ಹೊರುವುದಾದರೆ ಅವನೇಕೆ ಹೊರಬಾರದು? ವಾದ ಸ್ವಾರಸ್ಯವಾದುದೇ, ಆದರೆ ಲೆಕ್ಕಕ್ಕೆ ನಿಲ್ಲದು. ದೇಹದ ಉದ್ದ, ಅಗಲ, ಎತ್ತರಗಳು 10 ಪಟ್ಟಾದರೆ ತೂಕವು 1000 ಪಟ್ಟಾಗುತ್ತದೆ. ಸ್ನಾಯುವಿನ ಬಲವಾದರೋ ಅದರ ಅಡ್ಡಕೊಯ್ತದ ಕ್ಷೇತ್ರಫಲವನ್ನು ಅನುಸರಿಸಿ 100 ಪಟ್ಟು ಮಾತ್ರ. ಮನುಷ್ಯನಷ್ಟು ಬೆಳೆದ ಇರುವೆ ತನ್ನ ಮೈಯನ್ನೇ ಎತ್ತಲಾರದು.

ಕಥೆಯ ವೀರನನ್ನು ಬಿಟ್ಟು, ನಿತ್ಯವೂ ನಸುಕಿನಲ್ಲಿ ಓಡುವ ನಿಮ್ಮ ಸಹಪಾಠಿಯ ನಾಡಿಯನ್ನು ಅವನು ವಿಶ್ರಮಿಸುತ್ತಿರುವಾಗ ಎಣಿಸಿ ನೋಡಿರಿ. ನಿಮ್ಮದು ನಿಮಿಷಕ್ಕೆ 70 ಸಲ ಮಿಡಿದರೆ ಅವನದು 50 ಸಲವೇ ಮಿಡಿಯಬಹುದು. ವರ್ಷಗಳ ಅಭ್ಯಾಸದಿಂದ ಹಿಗ್ಗಿದ ಎಡ ಹೃತ್ಕುಕ್ಷಿಯು ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ನೂಕುತ್ತದೆ. ಓಟವನ್ನು ನಿಲ್ಲಿಸಿದರೆ ಈ ಸಂಪತ್ತು ಕೆಲವೇ ವಾರಗಳಲ್ಲಿ ಕರಗತೊಡಗುತ್ತದೆ. ಆದುದರಿಂದಲೇ ಅವನು ಮಳೆಗಾಲದ ಬೆಳಗಿನಲ್ಲಿಯೂ ಬೂಟು ಕಟ್ಟಿಕೊಂಡು ಹೊರಡುವುದು.