ಹೆಂಗಸರ ಹೆಸರು: ರೋಮಿನಲ್ಲಿ, ನಮ್ಮಲ್ಲಿ

ಸಿಸಿಲಿಯ, ಜೂಲಿಯ ಎಂಬ ಹೆಸರುಗಳು ಚೆನ್ನೈವಾಸಿಗಳಾದ ನಮಗೆ ಹೊಸವಲ್ಲ. ಸಾಂತೋಮಿನ ಕಡೆಯಲ್ಲಿಯೂ ಮಂಗಳೂರಿನಿಂದ ಬಂದು ನೆಲಸಿದ ಕ್ರೈಸ್ತ ಮನೆಗಳಲ್ಲಿಯೂ ಇಂಥ ಹೆಸರಿನವರು ಹಲವರುಂಟು. ಇವು ಇಂಗ್ಲೀಷಿನ ಹೆಸರುಗಳೆಂದು ನಮ್ಮಲ್ಲಿ ಅನೇಕರ ಎಣಿಕೆ. ನಿಜವಾಗಿ ಇವು ಎರಡು ಸಾವಿರ ವರ್ಷಕ್ಕೂ ಹಿಂದಿನ ರೋಮಿನವು. ಇವುಗಳ ಅರ್ಥವನ್ನು ಕೇಳಿದರೆ ದೊರೆಯುವ ಉತ್ತರ ತುಸು ವಿಚಿತ್ರವಾದುದು. ‘ಕೈಕೀಲಿಯುಸ್’ ವಂಶದ ಹೆಣ್ಣು ‘ಕೈಕೀಲಿಯ’. ಅದೇ ಈಗಿನ ಸಿಸಿಲಿಯ. ಆ ವಂಶನಾಮದ ಬುಡದಲ್ಲಿ ‘ಕುರುಡ’ ಎಂಬರ್ಥದ ಲ್ಯಾಟಿನ್ ಪದವಿದೆ. ಆದರೆ ಮಗಳಿಗೆ ಹೆಸರಿಡುವಾಗ ಆ ಅರ್ಥವನ್ನು ನೋಡಿ ಇಟ್ಟದ್ದಲ್ಲ. ತಂದೆಯ ವಂಶ ಯಾವುದೋ ಮಗಳ ಹೆಸರೂ ಅದೇ.

ರೋಮಿನ ಗಂಡಸಿಗೆ ಸಾಮಾನ್ಯವಾಗಿ ಮೂರು ಹೆಸರು. ಗಾಯುಸ್ ಜೂಲಿಯುಸ್ ಕೈಸರ್ ಎಂಬಲ್ಲಿ ಮೊದಲನೆಯದು ಅವನ ಸ್ವಂತದ್ದು, ಎರಡನೆಯದು ವಂಶದ್ದು, ಮೂರನೆಯದು ವಂಶದೊಳಗಿನ ಕವಲಿನದು. ಹೆಣ್ಣಿಗೆ ಮಾತ್ರ, ಗಣರಾಜ್ಯದ ಕೊನೆಯ ಕಾಲಕ್ಕೆ, ಸ್ವಂತ ಹೆಸರೆಂಬುದು ಬಹುಮಟ್ಟಿಗೆ ಉಳಿದಿರಲೇ ಇಲ್ಲ. ಕೈಸರನ ಮಗಳು ಜೂಲಿಯ. ಅವನ ಅಕ್ಕತಂಗಿಯರಿಬ್ಬರೂ ಜೂಲಿಯ! ಹಿರಿಯ ಜೂಲಿಯ, ಕಿರಿಯ ಜೂಲಿಯ ಎಂದು ಬೇರೆಮಾಡಿ ಹೇಳಬೇಕು. ಹೆಚ್ಚು ಮಂದಿಯಿದ್ದರೆ ಎಣಿಕೆ ಹಾಕುವುದೂ ಉಂಟು. ಬ್ರೂಟಸನ ಸೋದರಿಯೊಬ್ಬಳು ಯೂನಿಯ ತೆರ್ತಿಯ, ಎಂದರೆ ಮೂರನೆಯ ಯೂನಿಯ. ನಗಬಾರದು. ಹೆಣ್ಣುಮಕ್ಕಳು ಸಾಕೆನಿಸಿ ‘ಸಾಕಮ್ಮ’ ಎಂದು ಹೆಸರಿಟ್ಟ ಮನೆಗಳು ನಮ್ಮ ಸೀಮೆಯಲ್ಲಿಯೂ ಇದ್ದವು.

ಹೆಸರು ಹೀಗಿದ್ದಮಾತ್ರಕ್ಕೆ ಮಗಳ ಮೇಲೆ ಪ್ರೀತಿಯಿರಲಿಲ್ಲವೆಂದು ತಿಳಿಯಬಾರದು. ಮಹಾವಾಗ್ಮಿ ಸಿಸೆರೋ ತುಲ್ಲಿಯುಸ್ ವಂಶದವನು, ಮಗಳು ತುಲ್ಲಿಯ. ತಂದೆ ಅವಳನ್ನು ‘ತುಲ್ಲಿಯೋಲ’ ಎಂದು ಮುದ್ದಾಗಿ ಕರೆಯುತ್ತಿದ್ದ. ಕ್ರಿ. ಪೂ. 45ರಲ್ಲಿ ಅವಳು ತೀರಿಕೊಂಡಾಗ ಅವನು ಅನುಭವಿಸಿದ ದುಃಖ ಅವನ ಕಾಗದಗಳಲ್ಲಿ ಇಂದಿಗೂ ಕಾಣುತ್ತದೆ. ಅವಳಿಗಾಗಿ ಗುಡಿಯೊಂದನ್ನು ಕಟ್ಟಿಸಬೇಕೆಂದು ಹಂಬಲಿಸಿದನು.

ರೋಮಿನವರು ಅತ್ಯಂತ ಗೌರವಿಸಿದ ತಾಯಿ ಕೊರ್ನೇಲಿಯ. ಹಾನಿಬಲನನ್ನು ಗೆದ್ದ ಸ್ಕಿಪಿಯೋ ಆಫ್ರಿಕಾನುಸನ ಮಗಳು, ಗ್ರಾಕ್ಕುಸ್ ಸೋದರರ ತಾಯಿ. ರೋಮಿನಲ್ಲಿ ಅವಳ ವಿಗ್ರಹವಿತ್ತು. ಅದರ ಪೀಠ 1878ರಲ್ಲಿ ಸಿಕ್ಕಿತು. ಅದರ ಮೇಲಿನ ಬರಹದ ತಾತ್ಪರ್ಯ ಇಷ್ಟೇ: ಕೊರ್ನೇಲಿಯುಸ್ ವಂಶದವಳು, ಆಫ್ರಿಕಾನುಸನ ಮಗಳು, ಗ್ರಾಕ್ಕುಸರ ತಾಯಿ. ಇದು ಅವಳ ಗೌರವಕ್ಕಾಗಿಯೇ ಕೆತ್ತಿದ ಕಲ್ಲು. ಆದರೂ ಅವಳಿಗೊಬ್ಬಳಿಗೇ ಸೇರಿದ ಒಂದು ಮಾತು ಅದರಲ್ಲಿಲ್ಲ. ಅವಳ ಅಕ್ಕನೂ ಕೊರ್ನೇಲಿಯಳೇ.

ಈಗ ನಮ್ಮ ಕಲ್ಲುಗಳ ಕಡೆ ತಿರುಗೋಣ. ಗದಗಿನ ಸಮೀಪದ ಲಕ್ಕುಂಡಿಯಲ್ಲಿ 1007ರ ಶಾಸನವೊಂದಿದೆ. ಅದು ಅತ್ತಿಮಬ್ಬೆಯದು. ಅಲ್ಲಿಯೂ ವಂಶದ ವರ್ಣನೆಯುಂಟು, ಗಂಡ ನಾಗದೇವನುಂಟು. ಆದರೆ ಹೆಸರು ಅವಳದು. ತಂಗಿಯ ಹೆಸರು ಬೇರೆ, ಗುಂಡಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳು ಈ ಅತ್ತಿಮಬ್ಬೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ವಾಚನಾಲಯ ನಡೆಸುವ ನಮ್ಮಂಥವರು ಅವಳನ್ನು ಕುಲದೇವತೆಯೆಂದರೂ ತಪ್ಪಾಗಲಾರದು. ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಬರೆದ ರನ್ನನು ತನ್ನ ಮಗಳಿಗೆ ಅವಳ ಹೆಸರನ್ನೇ ಇಟ್ಟನು. ಮಗಳಿಗೆ ತನ್ನ ವಂಶದ ಹೆಸರನ್ನಲ್ಲ, ತಾನು ಕಂಡ ಒಬ್ಬ ಹಿರಿಯ ಹೆಂಗಸಿನ ಹೆಸರನ್ನು ಇಟ್ಟನೆಂಬುದು ಗಮನಿಸತಕ್ಕ ಮಾತು.

ಈ ಹೆಸರುಗಳ ತುದಿಯ ‘ಅಬ್ಬೆ’ಗೆ ತಾಯಿ ಎಂದರ್ಥ. ರನ್ನನ ತಾಯಿ ಅಬ್ಬಲಬ್ಬೆ; ಹತ್ತನೆಯ ಶತಮಾನದ ಆರಂಭದಲ್ಲಿ ಗಂಡನು ಸತ್ತಮೇಲೆ ನಾಗರಖಂಡ ಎಪ್ಪತ್ತನ್ನು ಆಳಿದವಳು ಜಕ್ಕಿಯಬ್ಬೆ; ಹೊಯ್ಸಳರ ಶಾಂತಲದೇವಿಯ ತಾಯಿ ಮಾಚಿಕಬ್ಬೆ. ‘ಜಕ್ಕಿ’ ಎಂಬುದು ‘ಯಕ್ಷಿ’ಯ ತದ್ಭವ. ತೊಟ್ಟಿಲಲ್ಲಿರುವ ಕೂಸಿಗೆ ‘ತಾಯಿ’ ಎಂಬ ಹೆಸರೇ ಎಂದು ಕೇಳಬಹುದು. ಇಂದಿಗೂ ನಾವು ಪುಟ್ಟ ಮಗಳನ್ನು ‘ಬಾ ತಾಯಿ’, ‘ಏಳಮ್ಮ’ ಎನ್ನುವುದಿಲ್ಲವೆ? ಅದೇ ವಾಡಿಕೆ ಇದು. ‘ಅಬ್ಬೆ’ಯ ಜೊತೆಗೆ ‘ಅವ್ವೆ’ಯೂ ಬಳಕೆಗೆ ಬಂತು. ಹನ್ನೆರಡನೆಯ ಶತಮಾನದ ವಚನಕಾರ್ತಿಯರಲ್ಲಿ ಕಾಳವ್ವೆ, ಸತ್ಯಕ್ಕ, ಲಕ್ಕಮ್ಮ ಎಲ್ಲರೂ ಇದ್ದಾರೆ. ನೂಲುವ ರೆಮ್ಮವ್ವೆ ಕದಿರ ರೆಮ್ಮವ್ವೆಯಾದಳು, ಅಕ್ಕಿಯನ್ನು ಆಯುವ ಕಾಯಕದ ಲಕ್ಕಮ್ಮ ಆಯ್ದಕ್ಕಿ ಲಕ್ಕಮ್ಮನಾದಳು. ಇವರ ಹೆಸರಿನ ಹಿಂದೆ ನಿಂತಿರುವುದು ತಂದೆಯೂ ಅಲ್ಲ, ಗಂಡನೂ ಅಲ್ಲ, ದುಡಿಮೆ. ತಮಿಳರ ಔವೈಯಾರಳ ‘ಅವ್ವೈ’ ನಮ್ಮ ‘ಅವ್ವೆ’ಗೆ ಒಡಹುಟ್ಟಿದ ಮಾತು. ಮರೀನಾದಲ್ಲಿ 1968ರಲ್ಲಿ ನಿಲ್ಲಿಸಿದ ಆ ಅಜ್ಜಿಯ ವಿಗ್ರಹದ ಮುಂದೆ ಹಾಯುವಾಗ ಇದನ್ನು ನೆನೆಯಬಹುದು. ‘ಅಬ್ಬೆ’ಯಾದರೂ ಸತ್ತಿಲ್ಲ, ಕಾಸರಗೋಡು, ಉತ್ತರ ಕನ್ನಡದ ಹವ್ಯಕರ ಮನೆಗಳಲ್ಲಿ ಮಕ್ಕಳು ತಾಯಿಯನ್ನು ಹಾಗೆಯೇ ಕರೆಯುತ್ತಾರೆ.

ಇಷ್ಟರಿಂದ ನಮ್ಮ ಹಿಂದಿನ ಕಾಲ ಹೆಂಗಸರ ಪಾಲಿಗೆ ಚಿನ್ನದ ಕಾಲವೆಂದು ನಾವು ಸಾರುತ್ತಿಲ್ಲ. ಅದೇ ಗುಂಡಮಬ್ಬೆ ಗಂಡನ ಚಿತೆಯೇರಿದಳು. ಹೆಸರು ಸ್ವಂತದ್ದಾದಮಾತ್ರಕ್ಕೆ ಬಾಳು ಸ್ವಂತದ್ದಾಗಲಿಲ್ಲ.

ಆದರೆ ಚೆನ್ನೈಗೆ ಬಂದ ನಾವು ಇನ್ನೊಂದು ಪದ್ಧತಿಗೆ ಒಗ್ಗಿಕೊಂಡಿದ್ದೇವೆ. ಊರಿನ ಹೆಸರೂ ಮನೆತನದ ಹೆಸರೂ ಬಿದ್ದುಹೋಗಿ, ಹೆಸರಿನ ಮುಂದೆ ತಂದೆಯ ಒಂದಕ್ಷರ ನಿಲ್ಲುತ್ತದೆ. ಹುಡುಗನಿಗೆ ಅದು ಕೊನೆಯವರೆಗೆ. ಹುಡುಗಿಗೆ ಮದುವೆಯವರೆಗೆ, ಆಮೇಲೆ ಗಂಡನ ಅಕ್ಷರ. ರೋಮಿನ ಹೆಂಗಸು ಕೂಡ ಇದನ್ನು ಮಾಡಲಿಲ್ಲ. ಸೆಂಪ್ರೋನಿಯುಸ್ ವಂಶದವನ ಕೈ ಹಿಡಿದ ಕೊರ್ನೇಲಿಯ ಕಡೆಯತನಕ ಕೊರ್ನೇಲಿಯಳೇ, ಮಗಳು ಸೆಂಪ್ರೋನಿಯ.

ಅಕ್ಷರ ಬದಲಾದರೆ ಆಗುವ ತೊಡಕು ಸಣ್ಣದಲ್ಲ. ಶಾಲೆಯ ಸರ್ಟಿಫಿಕೇಟಿನಲ್ಲಿ ಆರ್. ಶಾಂತಲಾ, ರೇಷನ್ ಕಾರ್ಡಿನಲ್ಲಿ ಎಂ. ಶಾಂತಲಾ, ಕಚೇರಿಯ ಗುಮಾಸ್ತನ ಕಣ್ಣಿಗೆ ಇಬ್ಬರು ಹೆಂಗಸರು. ಇಬ್ಬರೂ ಒಬ್ಬಳೇ ಎಂದು ತೋರಿಸಲು ಅಫಿಡವಿಟ್ಟು ಮಾಡಿಸಬೇಕು. ಪಾಸ್‌ಪೋರ್ಟಿನ ಅರ್ಜಿಯಲ್ಲಿ ‘ಸರ್‌ನೇಮ್’ ಎಂದಿರುವ ಕಡೆ ಅಕ್ಷರವನ್ನು ಬಿಡಿಸಿ ಬರೆಯುವಾಗ ತಂದೆಯೋ ಗಂಡನೋ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಮದುವೆಯಾದೊಡನೆ ಹೆಂಗಸು ಹೆಸರನ್ನಾಗಲಿ ಅಕ್ಷರವನ್ನಾಗಲಿ ಬದಲಾಯಿಸಲೇಬೇಕೆಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಮಗಳನ್ನು ಶಾಲೆಗೆ ಸೇರಿಸಲಿರುವವರೂ ಮದುವೆ ಮಾಡಿಕೊಡಲಿರುವವರೂ ಇದನ್ನು ತಿಳಿದಿದ್ದು, ಅರ್ಜಿಯನ್ನು ತುಂಬುವ ಮೊದಲು ಅವಳನ್ನೂ ಒಂದು ಮಾತು ಕೇಳುವುದು ಲೇಸು.